ಜಗಳೂರು ಜೀಪಿಗೆ ಮಾಡಿದ ಕೊಂಡಿ

"ಒಂದು ಜೀಪು ಎಳೀಬೇಕಂತೆ. ನಾಲ್ಕೂ ಗಾಲಿ ನೆಲದ ಮೇಲೇ ಇರ್ಬೇಕಂತೆ. ನಿನ್ ಹತ್ರ ಕಳಿಸ್ತೀನಿ ನೋಡು" ಎಂದು ಚಾಚಾ ಫೋನ್ ಮಾಡಿದಾಗ ನಾನು ಕೆಟ್ಟು ನಿಂತ ಜೀಪು ಎಂದೇ ತಿಳಿದೆ. ಚಾಚಾ ಅಂದರೆ ಚನ್ನಗಿರಿಯ ಟರ್ನರ್. ನನ್ನ ಶೆಡ್ಡಿಗೆ ಬೇಕಾದ ಪಿನ್ನು, ಬುಷ್ಷು ಎಲ್ಲ ಅವರ ಲೇತಿನಿಂದಲೇ ಬರುವುದು. ನಾನು ಹೊನ್ನಾಳಿಯಲ್ಲಿ ಟ್ರ್ಯಾಕ್ಟರುಗಳಿಗೆ ಟ್ರೇಲರ್ ಕಟ್ಟುವವನು. ಕೆಟ್ಟ ಗಾಡಿ ಎಳೆಯಲು ಒಂದು ಹಗ್ಗ ಸಾಕು, ಅಷ್ಟಕ್ಕೆ ಚನ್ನಗಿರಿಯಿಂದ ಹೊನ್ನಾಳಿಗೆ ಯಾಕೆ ಬರಬೇಕು ಎಂದುಕೊಂಡೆ.

ಮರುದಿನ ಹನ್ನೊಂದರ ಹೊತ್ತಿಗೆ ಶೆಡ್ಡಿನ ಮುಂದೆ ಹಳೆಯ ಶಾಲೆ ಮಿನಿಬಸ್ಸೊಂದು ಬಂದು ನಿಂತಿತು. ಮೇಲೆ ಬಿಳಿ ಬಣ್ಣ ಬಳಿದಿದ್ದರೂ ಕಿಟಕಿ ಸಂದಿಗಳಲ್ಲಿ ಹಳದಿ ಇಣುಕುತ್ತಿತ್ತು. ಸೀಟುಗಳನ್ನು ಕಿತ್ತು ಒಳಗೆ ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಹಿಂದಿನ ಮೂಲೆಯಲ್ಲಿ ಪರದೆ ಕಟ್ಟಿದ ಕಮೋಡು ಇಟ್ಟಿದ್ದರು. ಬಸ್ಸಿನ ಬೆನ್ನಿಗೇ ಟಾರ್ಪಾಲಿನ ಹುಡ್ ಹಾಕಿದ ಜೀಪು ಬಂತು. ಅದಕ್ಕೆ ಏನೂ ಆಗಿರಲಿಲ್ಲ, ಚೆನ್ನಾಗಿ ಓಡುತ್ತಿತ್ತು. ಓಡಿಸುತ್ತಿದ್ದ ಬಾಡಿಗೆ ಡ್ರೈವರ್ ಮಾತ್ರ ಇಳಿದವನೇ ಕೈ ಮುಗಿದು, "ಇನ್ನು ನನ್ ಕೈಲಾಗಲ್ಲ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಜೀಪಿನ ಎಡಗಡೆ ಸೀಟಿನಲ್ಲಿ ಒಬ್ಬ ಯಜಮಾನರು ಕೂತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಮುಖ ಕೆಂಪಾಗಿತ್ತು. ಬಸ್ಸಿನಿಂದ ಇಳಿದ ಅವರ ಹೆಂಡತಿ ಹೋಗಿ ಅವರ ಬೆವರು ಒರೆಸಿದರು. ಈಯಮ್ಮ ಜಗಳೂರು ಕಡೆ ಆರೋಗ್ಯ ಇಲಾಖೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಊರೆಲ್ಲ ಕರೆಯುವಂತೆ ನಾನೂ ಸಿಸ್ಟರ್ ಎಂದೇ ಕರೆದೆ. ಬಸ್ ಓಡಿಸಿಕೊಂಡು ಬಂದವರು ಅವರ ತಮ್ಮ.

"ಓಡೋ ಜೀಪನ್ನ ಯಾಕೆ ಎಳೀಬೇಕು ಸಿಸ್ಟರ್?" ಎಂದು ಕೇಳಿದೆ.

"ಇವರು ಇಲಾಖೇಲಿ ಜೀಪ್ ಡ್ರೈವರ್ ಆಗಿದ್ರು. ಇದೇ ಜೀಪು. ಲಸಿಕೆ ಪೆಟ್ಟಿಗೆ ತೊಡೆ ಮ್ಯಾಲೆ ಇಟ್ಕೊಂಡು ನಾನು ಇದ್ರಾಗೇ ಹಳ್ಳಿ ಹಳ್ಳಿ ತಿರುಗಿದ್ದು. ನಮ್ ಮದ್ವೆ ಮಾತುಕತಿನೂ ಇದ್ರಾಗೇ ಆಗಿದ್ದು. ಇಲಾಖೆಯೋರು ಕಂಡಮ್ಮು, ಇನ್ನು ಕೆಲಸಕ್ಕೆ ಬರಲ್ಲ ಅಂತ ಹರಾಜಿಗೆ ಹಾಕಿದಾಗ ಇವರೇ ಕೂಗಿ ತಗೊಂಡ್ರು." ಸಿಸ್ಟರ್ ಗಂಡನ ಅಂಗಿ ಸರಿಮಾಡುತ್ತಾ ಮುಂದುವರಿಸಿದರು. "ಸಂಜೆ ವಾಪಸ್ ಬರೋವಾಗ ದಿನಾ ಒಂದೇ ಮಾತು ಹೇಳ್ತಿದ್ರು. ಒಂದಿನ ಜೀಪು ತಿರುಗಿಸ್ದೇ ಹಂಗೇ ಹೋಗಿಬಿಡಾಣ, ಸಮುದ್ರ ಸಿಗೋತನ ನಿಲ್ಲಾದು ಬ್ಯಾಡ ಅಂತ. ಆಗ ಸರ್ಕಾರದ ಜೀಪು, ಲಾಗ್ ಬುಕ್ಕು. ಹೋಗಾಕೆ ಆಗ್ಲಿಲ್ಲ. ಜೀಪು ನಮ್ದಾದ ವರ್ಷಕ್ಕೇ ಇವರಿಗೆ ಲಕ್ವ ಹೊಡೀತು."

ಬಲಗೈ, ಬಲಗಾಲು ಹೋಗಿತ್ತು, ಮಾತು ಬಹುಪಾಲು ಹೋಗಿತ್ತು. ದೂರದ ದಾರಿಗೆ ಮಲಗಲು ಮಂಚ ಬೇಕು, ಕಮೋಡು ಬೇಕು. ಅದಕ್ಕೇ ಬಸ್ಸು. ಆದರೆ ಜೀಪು ಬಿಟ್ಟು ಅವರು ಹೊರಡಲೊಲ್ಲರು. ಜೀಪನ್ನು ಬೇರೆಯವರು ಓಡಿಸಿದರೆ ಗೇರ್ ಬದಲಿಸಿದಾಗಲೆಲ್ಲ ಕೂಗಾಡುತ್ತಾರೆ. ಆ ಡ್ರೈವರ್ ಕೈ ಮುಗಿದದ್ದು ಯಾಕೆಂದು ಆಗ ತಿಳಿಯಿತು. ಯಾರೂ ಓಡಿಸದೆ ಜೀಪು ಬಸ್ಸಿನ ಹಿಂದೆ ಬರಬೇಕು, ಸಮುದ್ರದ ಹತ್ತಿರ ಬಿಚ್ಚಿ ಅದರಲ್ಲಿ ಅವರನ್ನು ಕೂರಿಸಿ ಮರಳಿನವರೆಗೆ ಒಯ್ಯಬೇಕು. ಅಷ್ಟು ದೂರ ತಮ್ಮ ಓಡಿಸಿದರೆ ಸಹಿಸಿಯಾರು ಎನ್ನುವುದು ಸಿಸ್ಟರ್ ಲೆಕ್ಕ.

"ಇನ್ನೊಂದು ಮಾತು ಮೇಸ್ತ್ರಿ. ಹಚ್ಚಾದು ಬಿಚ್ಚಾದು ನಮಗೆ ತಿಳಿಯಲ್ಲ. ಮೊದಲ ಹದಿನೈದು ದಿನ ನೀವೇ ನಮ್ ಜೊತಿಗೆ ಬರ್ಬೇಕು."

ಈ ಮಾತು ಕೇಳಿದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ ಎಂದರೂ ತಪ್ಪಿಲ್ಲ. ನನಗೆ ಐವತ್ನಾಲ್ಕು ತುಂಬಿತ್ತು, ಸಮುದ್ರ ನೋಡಿರಲಿಲ್ಲ. ಹೊನ್ನಾಳಿಯಿಂದ ಅದೇನು ದೂರದ ಮಾತಲ್ಲ, ಶಿವಮೊಗ್ಗ ದಾಟಿ ಘಟ್ಟ ಇಳಿದರೆ ಆಯಿತು. ಇಷ್ಟು ಹತ್ತಿರ ಇದೆ ಎಂದೇ ಹೋಗಿರಲಿಲ್ಲ. ಒಂದು ವರ್ಷ ಭತ್ತದ ಕೊಯ್ಲಿಗೆ ಟ್ರೇಲರ್ ಅರ್ಜೆಂಟು, ಇನ್ನೊಂದು ವರ್ಷ ಅಡಿಕೆಯವರದ್ದು. ಮಹಿಳಾ ಸಂಘದವರ ಜೊತೆ ಧರ್ಮಸ್ಥಳ, ಮಲ್ಪೆ ಎಂದು ಹೋಗಿಬಂದ ನಮ್ಮನೆಯಾಕೆಯನ್ನು ಹೆಂಗಿತ್ತೇ ಎಂದರೆ, "ಹೆಂಗಿರ್ತೈತೆ, ನೀರು ಐತೆ" ಎಂದು ಸುಮ್ಮನಾಗಿದ್ದಳು. ಅಂದಿನಿಂದ ನನಗೆ ಹೊಟ್ಟೆಯುರಿ. ಮಳೆಗಾಲದಲ್ಲಿ ಸೇತುವೆ ಮೇಲೆ ನಿಂತು ತುಂಬಿದ ಹೊಳೆ ನೋಡುವಾಗಲೆಲ್ಲ ಆ ಕಡೆ ದಡ ಕಾಣದಿದ್ದರೆ ಹೇಗಿರುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡಿದ್ದೇನೆ. ಆ ಕಡೆ ದಡ ಯಾವಾಗಲೂ ಇರುತ್ತಿತ್ತು.

"ಬರ್ತೀನಿ ಸಿಸ್ಟರ್" ಎಂದೆ. ಕೆಲಸ ಆಗುತ್ತದೋ ಇಲ್ಲವೋ ನೋಡುವ ಮೊದಲೇ ಒಪ್ಪಿಕೊಂಡಿದ್ದೆ.

ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಸ್ಸು, ಜೀಪು ಬರೆದು ಕೂತೆ. ಹಗ್ಗ ಮತ್ತು ಸರಪಳಿಯನ್ನು ಮೊದಲೇ ಅಳಿಸಿದೆ. ಎಳೆದಾಗ ಬರುತ್ತದೆ, ಬಸ್ಸು ನಿಂತಾಗ ಜೀಪು ನಿಲ್ಲುವುದಿಲ್ಲ. ಜೀಪನ್ನು ಪೂರ್ತಿ ಹೊತ್ತೊಯ್ಯುವ ಟ್ರೇಲರ್ ಕಟ್ಟಬಹುದು. ಅದು ನನ್ನ ದಿನದ ಕೆಲಸ. ಆದರೆ ಜೀಪಿನ ತೂಕ, ಟ್ರೇಲರಿನ ತೂಕ ಎರಡೂ ಸೇರಿದರೆ ಆ ಮುದಿ ಮಿನಿಬಸ್ಸು ವಾಪಸ್ ಬರುವಾಗ ಘಟ್ಟ ಹತ್ತುವುದಿಲ್ಲ. ಮುಂದಿನ ಎರಡು ಗಾಲಿಗಳನ್ನು ಮಾತ್ರ ಎತ್ತಿ ಹಿಡಿಯುವ ಎರಡು ಗಾಲಿಯ ಪುಟ್ಟ ಗಾಡಿ ಮಾಡಬಹುದು. ಸಿಸ್ಟರ್ ತಮ್ಮ, "ಜೀಪು ಇಳಿಸಿದ ಮ್ಯಾಲೆ ಆ ಗಾಡಿ ಎಲ್ಲಿ ನಿಲ್ಲಿಸಾದು? ಅದನ್ನ ಕಾಯಾಕೆ ಇನ್ನೊಬ್ರು ಬೇಕು" ಎಂದರು. ಅದೂ ನಿಜ. ಉಳಿದದ್ದು ಕೊಂಡಿ. ಜೀಪಿನ ಚಾಸಿ, ಅಂದರೆ ಅಡಿಯ ಚೌಕಟ್ಟಿನ ಎರಡು ತುದಿಯಿಂದ ಹೊರಟ ಎರಡು ಪೈಪುಗಳು ಮುಂದೆ ಕೂಡಿ ಬಸ್ಸಿನ ಹಿಂಬದಿಗೆ ಸೇರುವ ಕೊಂಡಿ. ಬಿಚ್ಚಿದರೆ ಬಸ್ಸಿನ ಹೊಟ್ಟೆಯ ಕೆಳಗೆ ಕಟ್ಟಿ ಒಯ್ಯಬಹುದು.

ಚಾಸಿಗೆ ವೆಲ್ಡಿಂಗ್ ತಾಗಿಸಬಾರದು, ಕಾದ ಜಾಗ ಮುಂದೆ ಬಿರಿಯುತ್ತದೆ. ಬಸ್ಸಿನ ಹಿಂಬದಿಗೆ ಸಿ ಚಾನೆಲ್ ಎನ್ನುವ ಉಕ್ಕಿನ ತೊಲೆಯೊಂದನ್ನು ಅಡ್ಡ ಇಟ್ಟು, ಚಾಸಿಯ ಪಕ್ಕೆಗೆ ತೂತು ಕೊರೆದು ಬೋಲ್ಟ್ ಹಾಕಿದೆ. ಬಸ್ಸಿನ ಕಡೆಯ ಎತ್ತರಕ್ಕೂ ಜೀಪಿನ ಕಡೆಯ ಎತ್ತರಕ್ಕೂ ನಾಲ್ಕು ಬೆರಳು ವ್ಯತ್ಯಾಸ ಬಂತು. ಕೊಂಡಿ ನೆಲಕ್ಕೆ ಸಮ ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಜೀಪು ಬಸ್ಸಿನ ಹಿಂಬದಿಯನ್ನು ಎತ್ತುತ್ತದೆ. ಅದಕ್ಕೆ ಬಸ್ಸಿನ ಕಡೆಯ ತುದಿಯನ್ನು ಜೀಪಿನ ಮಟ್ಟಕ್ಕೆ ಇಳಿಸುವ ಒಂದು ಇಳಿಪ್ಲೇಟು ಮಾಡಿದೆ. ಕೊಂಡಿ ಮುರಿದರೂ ಜೀಪು ಕೈಬಿಟ್ಟು ಹೋಗದಂತೆ ಕೆಳಗೆ ಎರಡು ಸರಪಳಿ ಅಡ್ಡಡ್ಡ ಹಾಕಿದೆ. ಬಸ್ಸಿನ ಹಿಂದಿನ ದೀಪದಿಂದ ಜೀಪಿನ ಹಿಂದಿನ ದೀಪಕ್ಕೆ ವೈರು ಎಳೆದೆ.

ಗೇರಿನ ಮಾತು ಬಂದಾಗ ಯಜಮಾನರು ಜೀಪಿನಿಂದ ಕೂಗಿದರು. ಹೋಗಿ ನೋಡಿದರೆ ಎಡಗೈಯನ್ನು ಮೈಮೇಲೆ ಹಾಯಿಸಿ ದೊಡ್ಡ ಗೇರ್ ಲಿವರಿನ ಪಕ್ಕದ ಚಿಕ್ಕ ಲಿವರನ್ನು ತೋರಿಸುತ್ತಿದ್ದರು. ಎಂಜಿನ್ನಿನ ಬಲವನ್ನು ಎರಡು ಗಾಲಿಗೋ ನಾಲ್ಕಕ್ಕೋ ಹಂಚುವ ಪೆಟ್ಟಿಗೆಯ ಲಿವರ್ ಅದು. ಅದನ್ನೂ ನ್ಯೂಟ್ರಲ್ಲಿಗೆ ತಂದರೆ ಗಾಲಿ ಎಷ್ಟು ತಿರುಗಿದರೂ ಮುಖ್ಯ ಗೇರ್ ಪೆಟ್ಟಿಗೆ ಅಲ್ಲಾಡುವುದಿಲ್ಲ. ನಾನಾದರೆ ಹಿಂದಿನ ಗಾಲಿಗೆ ಬಲ ಒಯ್ಯುವ ದಂಡದ ಜಾಯಿಂಟು ಬಿಚ್ಚುವ ಯೋಚನೆಯಲ್ಲಿದ್ದೆ. ನನ್ನ ಮುಖ ನೋಡಿ ಅವರು ಎಡಗಡೆ ಬಾಯಲ್ಲಷ್ಟೇ ನಕ್ಕರು.

ಮೊದಲ ಸಲ ಎಳೆದದ್ದು ಗೋವಿನಕೋವಿ ಕಡೆಗೆ. ಟ್ರ್ಯಾಕ್ಟರಿಗೆ ಹಾಕುವ ಹಾಗೆಯೇ ಕೊಂಡಿಯ ತುದಿಗೆ ತೂತಿನ ಕಣ್ಣು, ಅದರೊಳಗೆ ಪಿನ್ನು ಹಾಕಿದ್ದೆ. ಗದ್ದೆಯ ಬದು ಹತ್ತಿ ಇಳಿಯುವ ಟ್ರೇಲರಿಗೆ ಅರ್ಧ ಇಂಚು ಆಟ, ಅಂದರೆ ಸಡಿಲ, ಬೇಕು, ಇಲ್ಲದಿದ್ದರೆ ಪಿನ್ನು ತುಂಡಾಗುತ್ತದೆ. ರಸ್ತೆಯಲ್ಲಿ ಆ ಅರ್ಧ ಇಂಚು ಪ್ರಾಣ ತಿಂದಿತು. ಬಸ್ಸಿನ ಗೇರ್ ಬದಲಾದಾಗಲೆಲ್ಲ ಹಿಂದಿನಿಂದ ಧಡ್ ಎಂದು ಗುದ್ದು. ಒಲೆಯ ಮೇಲಿದ್ದ ಪಾತ್ರೆ ಉರುಳಿತು. ಮಂಚದ ಮೇಲೆ ಮಲಗಿದ್ದ ಯಜಮಾನರು ಗೋಡೆ ಹಿಡಿದುಕೊಂಡರು. ಅರ್ಧ ದಾರಿಗೇ ವಾಪಸ್ ಬಂದೆವು.

ಚನ್ನಗಿರಿಗೆ ಹೋಗಿ ಚಾಚಾನ ಮುಂದೆ ಕೂತೆ. ಪಿನ್ನಿನ ಬದಲು ಗುಂಡು, ಕಣ್ಣಿನ ಬದಲು ಗುಂಡಿನ ಮೇಲೆ ಕೂರುವ ಬಟ್ಟಲು, ನಡುವೆ ಕೂದಲೆಳೆಯಷ್ಟೂ ಆಟ ಇರಬಾರದು ಎಂದೆ. ಚಾಚಾ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಗುಂಡನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಡುತ್ತಾ, "ನೀ ಸಮುದ್ರಕ್ಕೆ ಹೋಗ್ತೀಯಂತಲ್ಲ" ಎಂದರು.

"ಹೌದು ಚಾಚಾ."

"ನಾನೂ ನೋಡಿಲ್ಲಪ್ಪ" ಎಂದು ಲೇತ್ ಒರೆಸಲು ಶುರು ಮಾಡಿದರು.

ಗುಂಡು ಹಾಕಿದ ಮೇಲೆ ಗುದ್ದು ನಿಂತಿತು. ಈ ಸಲ ನ್ಯಾಮತಿಗೆ ಹೋದೆವು. ಅಲ್ಲಿ ಚಹಾ ಕುಡಿಯಲು ನಿಂತಾಗ ರಬ್ಬರ್ ಸುಟ್ಟ ವಾಸನೆ. ನೋಡಿದರೆ ಜೀಪಿನ ಮುಂದಿನ ಎರಡೂ ಟೈರುಗಳ ಅಂಚು ಸವೆದು ನಾರು ಎದ್ದಿದೆ. ಹೊಸ ಟೈರುಗಳು. ಗಾಳಿ ಕಡಿಮೆ ಇರಬೇಕು ಎಂದೆ. ಗಾಳಿ ಸರಿಯಾಗಿತ್ತು. ಗಾಲಿ ಓರೆ ಇರಬೇಕು ಎಂದು ದಾರ ಹಿಡಿದು ನೋಡಿದೆ, ನೆಟ್ಟಗೇ ಇತ್ತು. ಮೂರನೆಯ ಕಾರಣ ಹುಡುಕುತ್ತಾ ತಲೆ ಕೆರೆಯುತ್ತಿದ್ದಾಗ ಸಿಸ್ಟರ್ ಮತ್ತು ತಮ್ಮ ಎರಡೂ ಕಡೆ ಹಿಡಿದು ಯಜಮಾನರನ್ನು ಬಸ್ಸಿನಿಂದ ಇಳಿಸಿ ತಂದರು. ಅವರು ಜೀಪಿನ ಒಳಗೆ ಎಡಗೈ ಚಾಚಿ, ಸ್ಟೇರಿಂಗಿಗೆ ನಾನು ಕಟ್ಟಿದ್ದ ಹಗ್ಗವನ್ನು ಜಗ್ಗಿದರು.

ಟ್ರೇಲರ್ ಕಟ್ಟುವ ನಮಗೆ ಗಾಲಿ ಅಂದರೆ ನೆಟ್ಟಗಿರಬೇಕಾದ ವಸ್ತು. ಅದು ಆ ಕಡೆ ಈ ಕಡೆ ತಿರುಗಿದರೆ ನಮ್ಮ ಕೆಲಸಕ್ಕೇ ಅವಮಾನ. ಅದಕ್ಕೇ ಹೊರಡುವ ಮೊದಲು ಸ್ಟೇರಿಂಗನ್ನು ನೆಟ್ಟಗೆ ಹಿಡಿದು ಬಿಗಿಯಾಗಿ ಸೀಟಿಗೆ ಕಟ್ಟಿದ್ದೆ. ಹೊನ್ನಾಳಿಯ ಯಾವ ಟ್ರೇಲರ್ ಮೇಸ್ತ್ರಿಯಾದರೂ ಅದನ್ನೇ ಮಾಡುತ್ತಿದ್ದ. ಪ್ರತಿ ತಿರುವಿನಲ್ಲೂ ಬಸ್ಸು ತಿರುಗಿದರೆ ಜೀಪಿನ ಮುಂದಿನ ಗಾಲಿ ತಿರುಗಲಾರದೆ ಟಾರಿನ ಮೇಲೆ ಉಜ್ಜಿಕೊಂಡು ಬಂದಿತ್ತು. ಹಗ್ಗ ಬಿಚ್ಚಿ ಎಳೆದರೆ, ಯಾರೋ ಕೂತು ಓಡಿಸುತ್ತಿರುವ ಹಾಗೆ ಸ್ಟೇರಿಂಗ್ ತಾನಾಗಿ ತಿರುಗಿತು. ಯಜಮಾನರು ಬಸ್ಸಿನ ಹಿಂದಿನ ಗಾಜಿನಿಂದ ಅದನ್ನೇ ನೋಡುತ್ತಾ ಬಂದರು. ಖಾಲಿ ಸೀಟು, ತಿರುಗುವ ಸ್ಟೇರಿಂಗು. ನನಗೆ ಅದನ್ನು ನೋಡುವುದು ಹಿತವಾಗಲಿಲ್ಲ, ಅವರ ಮುಖ ನೋಡುವುದೂ ಆಗಲಿಲ್ಲ.

ಇಷ್ಟರಲ್ಲಿ ನನ್ನ ಸಮುದ್ರದ ಸುದ್ದಿ ಹೊನ್ನಾಳಿಯ ಅರ್ಧ ಊರಿಗೆ ಗೊತ್ತಾಗಿತ್ತು. ಹೋಟೆಲಿನಲ್ಲಿ ನಾನೇ ಹೇಳಿಕೊಂಡು ತಿರುಗಿದ್ದೆ. "ಬರ್ತಾ ಮೀನು ತತ್ತೀರಾ ಮೇಸ್ತ್ರಿ?" ಎಂದು ಛೇಡಿಸುವವರು ಕೆಲವರು. ನಾನು ಮೀನು ತಿನ್ನುವವನಲ್ಲ ಎಂದು ಅವರಿಗೆ ಗೊತ್ತು. ನಮ್ಮನೆಯಾಕೆ ಎರಡು ಹೊಸ ಲುಂಗಿ ತಂದು ಬ್ಯಾಗಿನಲ್ಲಿಟ್ಟಳು. "ನೀರಿಗೆ ಇಳಿದ್ರೆ ಕಾಲ ಕೆಳಗಿನ ಮರಳು ಜಾರ್ತೈತೆ, ಹುಷಾರು" ಎಂದಳು. ಅಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಸಂಗತಿಯನ್ನು ಆಗ ಬಿಟ್ಟುಕೊಟ್ಟಳು. ಆ ರಾತ್ರಿ ಮಲಗಿಕೊಂಡು ಕಾಲ ಕೆಳಗೆ ಮರಳು ಜಾರುವುದು ಹೇಗಿರುತ್ತದೆ ಎಂದು ಬಹಳ ಹೊತ್ತು ಯೋಚಿಸಿದೆ.

ಉಳಿದಿದ್ದದ್ದು ಬ್ರೇಕು. ಸೂರಗೊಂಡನಕೊಪ್ಪದ ಕಡೆ ಒಂದು ಇಳಿಜಾರು ನೋಡಿಟ್ಟಿದ್ದೆ. ಅಲ್ಲಿನ ಕ್ಷೇತ್ರಕ್ಕೆ ಯಾತ್ರಿಕರು ಬಾರದ ವಾರದ ದಿನ ಬೆಳಿಗ್ಗೆ ಹೋದೆವು. ಯಜಮಾನರನ್ನು ಸಿಸ್ಟರ್ ಜೊತೆ ಒಂದು ಮರದ ಕೆಳಗೆ ಕೂರಿಸಿ, ತಮ್ಮ ಮತ್ತು ನಾನು ಇಬ್ಬರೇ ಬಸ್ಸಿನಲ್ಲಿ ಇಳಿದೆವು. ಬ್ರೇಕ್ ಒತ್ತಿದರೆ ಬಸ್ಸು ನಿಲ್ಲಲು ನೋಡಿತು, ಜೀಪು ಬಿಡಲಿಲ್ಲ. ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ ತಳ್ಳಿಕೊಂಡೇ ಬಂತು. ನಿಲ್ಲಬೇಕಾದ ಜಾಗದಿಂದ ಮೂವತ್ತು ಹೆಜ್ಜೆ ಮುಂದೆ ಹೋಗಿ ನಿಂತೆವು.

ಇದಕ್ಕೂ ದಾರಿ ಇತ್ತು. ಕೊಂಡಿಯ ನಡುವೆ ಒಂದರೊಳಗೊಂದು ಜಾರುವ ಪೈಪು, ಗಟ್ಟಿ ಸ್ಪ್ರಿಂಗು. ಬಸ್ಸು ನಿಂತಾಗ ಜೀಪು ಮುಂದೆ ನುಗ್ಗುತ್ತದಲ್ಲ, ಆ ನೂಕಿಗೇ ಪೈಪು ಒಳಗೆ ಜಾರಿ ಕೇಬಲ್ ಎಳೆಯಬೇಕು, ಕೇಬಲ್ ಜೀಪಿನ ಬ್ರೇಕ್ ಪೆಡಲನ್ನು ಎಳೆಯಬೇಕು. ಜೀಪು ತನ್ನ ನೂಕಿನಿಂದ ತಾನೇ ನಿಲ್ಲುತ್ತದೆ. ಚಾಚಾನಿಂದ ಪೈಪು ನುಣ್ಣಗೆ ಮಾಡಿಸಿ ತಂದು, ಎಂಟು ದಿನ ಕೂತು ಕಟ್ಟಿದೆ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮತ್ತೆ ಅದೇ ಇಳಿಜಾರು. ಮೊದಲ ಸಲ ನಿಂತಿತು. ಎರಡನೆಯ ಸಲ ನಿಂತಿತು. ಮೂರನೆಯ ಸಲವೂ ನಿಂತಾಗ ತಮ್ಮ ನನ್ನ ಬೆನ್ನು ತಟ್ಟಿದರು. ನಾಲ್ಕನೆಯ ಸಲ ಕೇಬಲ್ ಎಲ್ಲೋ ಕಚ್ಚಿಕೊಂಡು ಪೆಡಲ್ ಬರಲೇ ಇಲ್ಲ. ಜೀಪು ಮೊದಲಿನ ಹಾಗೆಯೇ ತಳ್ಳಿತು. ಕೇಬಲ್ ಬದಲಿಸಿದೆ, ಅದು ಹಾಯುವ ದಾರಿ ಬದಲಿಸಿದೆ, ಗ್ರೀಸ್ ತುಂಬಿದೆ. ಒಂದು ದಿನ ಹತ್ತಕ್ಕೆ ಹತ್ತೂ ಸಲ ನಿಲ್ಲುತ್ತಿತ್ತು, ಮರುದಿನ ಎರಡನೆಯ ಸಲವೇ ಕೈಕೊಡುತ್ತಿತ್ತು. ಯಾಕೆ ಎಂದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ಆ ವಾರವೇ ತಮ್ಮ ಇನ್ನೊಂದು ತಲೆನೋವು ತಂದರು. ದಾರಿಯಲ್ಲಿ ಯಾರಾದರೂ ಹಿಡಿದರೆ ತೋರಿಸಲು ಕಾಗದ ಏನಾದರೂ ಬೇಕಲ್ಲ ಎಂದರು. ಇಬ್ಬರೂ ಆರ್‌ಟಿಓ ಕಚೇರಿಗೆ ಹೋಗಿ ಒಬ್ಬ ಇನ್‌ಸ್ಪೆಕ್ಟರನ್ನು ಕಂಡೆವು. ನಾನು ಕಾಗದದ ಮೇಲೆ ಕೊಂಡಿಯ ಚಿತ್ರ ಬರೆದು ವಿವರಿಸಿದೆ. ಅವರು ಆಸಕ್ತಿಯಿಂದ ನೋಡಿದರು, ಗುಂಡು ಎಲ್ಲಿ ಮಾಡಿಸಿದಿರಿ ಎಂದು ಕೂಡ ಕೇಳಿದರು. ಕೊನೆಗೆ, "ಕೆಲಸ ಚೆನ್ನಾಗೈತೆ ಮೇಸ್ತ್ರಿ. ಆದ್ರೆ ಕೆಟ್ಟು ನಿಂತ ಗಾಡಿ ಆದ್ರೆ ನಿಧಾನಕ್ಕೆ ಹತ್ರದ ಗ್ಯಾರೇಜಿಗೆ ಎಳ್ಕೊಂಡು ಹೋಗಬಹುದು. ಸರಿಯಾಗಿ ಓಡೋ ಗಾಡೀನ ಹಿಂಗೆ ಎಳೆಯಂಗಿಲ್ಲ. ನೋಂದಣಿ ಆದ ಟ್ರೇಲರ್ ಆದ್ರೆ ಆ ಮಾತು ಬ್ಯಾರೆ" ಎಂದರು.

ಈ ಕಾನೂನು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅಷ್ಟು ದಿನ ರಸ್ತೆಯಲ್ಲಿ ಎಳೆದಾಡಿದ್ದೆ. ಚಾಚಾಗೆ ಫೋನ್ ಮಾಡಿದರೆ, "ಬ್ಯಾಟರಿ ಬಿಚ್ಚಿಡು. ಕೆಟ್ಟಂಗೇ ಆತಲ್ಲ" ಎಂದರು. ತಮ್ಮನೂ, "ಹೂಂ, ಯಾರು ನೋಡ್ತಾರೆ, ಹೋಗಿಬರಾಣ ಬಿಡ್ರಿ" ಎಂದರು. ನಾನು ಆಗಲೂ ಇಲ್ಲ ಎನ್ನಲಿಲ್ಲ. ಎರಡು ದಿನ ಸುಮ್ಮನಿದ್ದೆ. ಬ್ಯಾಗು ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ನಾನು ಬಾಯಿ ಬಿಡದಿದ್ದರೆ ಮುಂದಿನ ಸೋಮವಾರ ಹೊರಡುವುದು ಖಂಡಿತ. ಬ್ರೇಕಿನ ವಿಷಯ ಸಿಸ್ಟರಿಗೆ ಪೂರ್ತಿ ಗೊತ್ತಿರಲಿಲ್ಲ. ತಮ್ಮ ಮೆಲ್ಲಗೆ ಓಡಿಸುವವರು. ಹತ್ತರಲ್ಲಿ ಒಂಬತ್ತು ಸಲ ನಿಲ್ಲುತ್ತದೆ, ಹತ್ತನೆಯ ಸಲ ಘಟ್ಟದಲ್ಲೇ ಬರಬೇಕೆಂದೇನಿದೆ ಎಂದು ಲೆಕ್ಕ ಹಾಕಿದೆ. ಗದ್ದೆಯ ಟ್ರೇಲರಿಗಾದರೆ ಆ ಲೆಕ್ಕ ಸಾಕು. ಆದರೆ ಇಲ್ಲಿ ಮಂಚದ ಮೇಲೆ ಮಲಗಿರುವ ಮನುಷ್ಯನಿಗೆ ಹಿಡಿದುಕೊಳ್ಳಲು ಒಂದೇ ಕೈ ಇದೆ. ಸಮುದ್ರ ಬೇಕು ಅನ್ನುವ ಆಸೆಯೇ ಈ ಲೆಕ್ಕ ಹಾಕಿಸುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿದ್ದೂ ಎರಡು ದಿನ ತಡ ಮಾಡಿದೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬಸ್ಸು ಹತ್ತಿ ಜಗಳೂರಿಗೆ ಹೋದೆ. ಮನೆಯ ಮುಂದೆ ಚಪ್ಪರದಡಿ, ಹೊರಡುವ ತಯಾರಿಗೆಂದು ತಮ್ಮ ವಾಪಸ್ ತಂದಿದ್ದ ಜೀಪು, ಅದರ ಎಡ ಸೀಟಿನಲ್ಲಿ ಯಜಮಾನರು. ದಿನಾ ಸಂಜೆ ಹಾಗೆ ಕೂರುತ್ತಾರಂತೆ. ಸಿಸ್ಟರ್ ಕೊಟ್ಟ ಮಂಡಕ್ಕಿ ತಟ್ಟೆ ಹಿಡಿದುಕೊಂಡೇ ಹೇಳಿದೆ.

"ಸಿಸ್ಟರ್, ಈ ಕೊಂಡಿ ನಾನು ಕೊಡಲ್ಲ. ಕಾನೂನಿನ ಮಾತು ಒಂದು ಕಡೆಗಿರ್ಲಿ. ಘಟ್ಟದಾಗೆ ಇದು ಒಂದ್ ಸಲ ಕೈ ಕೊಟ್ರೂ ನೀವು ಉಳಿಯಲ್ಲ. ನನಗೆ ಇದಕ್ಕಿಂತ ಚೆನ್ನಾಗಿ ಮಾಡಾಕೆ ಬರಲ್ಲ."

ಸಿಸ್ಟರ್ ಸೆರಗಿನಿಂದ ಒಮ್ಮೆ ಮೂಗೊರೆಸಿಕೊಂಡರು. "ಹಂಗಾರೆ ಇವರು ಬರಲ್ಲ. ಜೀಪಿಲ್ದೆ ಒಂದ್ ಹೆಜ್ಜೆನೂ ಇಡಲ್ಲ. ನಾನು ಎಷ್ಟ್ ಸಲ ಕೇಳಿಕೊಂಡಿದೀನಿ" ಎಂದರು. ಲಸಿಕೆ ಹಾಕಿ ಹಾಕಿ ಅಳುವ ಮಕ್ಕಳನ್ನು ಸಮಾಧಾನ ಮಾಡಿದ ಹೆಂಗಸು, ತಾನೇ ಅಳುವುದಕ್ಕೆ ಅಭ್ಯಾಸವಿಲ್ಲದವರ ಹಾಗೆ ಬೇಗ ಬೇಗ ಕಣ್ಣು ಒರೆಸಿಕೊಂಡರು.

ಆಗ ಜೀಪಿನ ಕಡೆಯಿಂದ ತಗಡು ಬಡಿದ ಸದ್ದು ಬಂತು. ಯಜಮಾನರು ಎಡಗೈಯಿಂದ ಬಾಗಿಲಿಗೆ ಬಡಿಯುತ್ತಿದ್ದರು. ನಾವು ಹತ್ತಿರ ಹೋದೆವು. ಅವರು ಮೈ ತಿರುಗಿಸಿ, ಕಷ್ಟಪಟ್ಟು ಎಡಗೈ ಚಾಚಿ, ಪಕ್ಕದ ಡ್ರೈವರ್ ಸೀಟನ್ನು ಎರಡು ಸಲ ತಟ್ಟಿದರು. ಆಮೇಲೆ ಹೆಂಡತಿಯ ಕಡೆ ನೋಡಿ, ಬಾಯಲ್ಲಿ ಉಳಿದಿದ್ದ ಕೆಲವೇ ಮಾತುಗಳಲ್ಲಿ ಒಂದನ್ನು ಹೊರಗೆ ತಂದರು.

"ನೀನು."

"ನಾನಾ?" ಎಂದರು ಸಿಸ್ಟರ್. "ನನಗೆ ಸೈಕಲ್ ಹೊಡಿಯಾಕೂ ಬರಲ್ಲ."

"ನೀನು" ಎಂದು ಅವರು ಮತ್ತೆ ಸೀಟು ತಟ್ಟಿದರು.

ಅರವತ್ತು ದಾಟಿದ ಸಿಸ್ಟರ್ ಜಗಳೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಲೈಸೆನ್ಸ್ ಕೊಡಿಸಿದ್ದು ಸ್ಕೂಲು, ಜೀಪು ಕಲಿಸಿದ್ದು ಗಂಡ. ಬೆಳಿಗ್ಗೆ ಬೆಳಿಗ್ಗೆ ಮೈದಾನದಲ್ಲಿ ಸ್ಟೇರಿಂಗಿಗೆ ಸಿಸ್ಟರ್, ಹಿಂದಿನ ಸೀಟಿನಲ್ಲಿ ತಮ್ಮ, ಎಡಗಡೆ ಯಜಮಾನರು. ಕಂಡಕ್ಟರ್ ಬಸ್ಸಿನ ತಗಡು ಬಡಿಯುತ್ತಾನಲ್ಲ, ಹಾಗೆ ಇವರೂ ಬಾಗಿಲು ಬಡಿಯುತ್ತಿದ್ದರಂತೆ. ಒಂದು ಬಡಿತಕ್ಕೆ ಮೇಲಿನ ಗೇರು, ಎರಡಕ್ಕೆ ಕೆಳಗಿನ ಗೇರು, ಮೇಲಿಂದ ಮೇಲೆ ಬಡಿದರೆ ಬ್ರೇಕು. ತಪ್ಪಿದಾಗ ಕೂಗುತ್ತಿರಲಿಲ್ಲವೇ ಎಂದು ನಾನು ಫೋನಿನಲ್ಲಿ ಕೇಳಿದೆ. "ನನ್ ಮ್ಯಾಲೆ ಯಾವತ್ತು ಕೂಗಿದಾರೆ?" ಎಂದರು ಸಿಸ್ಟರ್. ಕೈಗೆ ಲೈಸೆನ್ಸ್ ಬಂದ ಮೇಲೂ ಎರಡು ತಿಂಗಳು ದಾವಣಗೆರೆ ರಸ್ತೆಯಲ್ಲಿ ಹೋಗಿ ಬಂದು ಮಾಡಿ ಧೈರ್ಯ ತಂದುಕೊಂಡರು.

ಹೊರಟ ದಿನ ಹೊನ್ನಾಳಿಯ ಮೇಲೇ ಹೋದರು. ಮುಂದೆ ಬಸ್ಸು, ಹಿಂದೆ ಸಿಸ್ಟರ್ ಓಡಿಸುವ ಜೀಪು. ಯಜಮಾನರಿಗೆ ಆಯಾಸವಾದರೆ ಬಸ್ಸಿನ ಮಂಚ, ಆಯಾಸ ತೀರಿದರೆ ಜೀಪು. ಶೆಡ್ಡಿನ ಮುಂದೆ ನಿಲ್ಲಿಸಿ ಸಿಸ್ಟರ್, "ಬರ್ರಿ ಮೇಸ್ತ್ರಿ, ಬಸ್ಸಿನಾಗೆ ಜಾಗ ಐತೆ" ಎಂದು ಕರೆದರು. ಬಾಯಿಮಾತಿಗೆ ಕರೆದದ್ದಲ್ಲ, ಮನಸಾರೆ ಕರೆದರು.

"ಹಚ್ಚಾದು ಬಿಚ್ಚಾದು ಇಲ್ಲ. ನನಗೇನು ಕೆಲಸ ಸಿಸ್ಟರ್, ನೀವು ಹೋಗಿಬರ್ರಿ" ಎಂದೆ.

ನಮ್ಮ ಕಸುಬಿನವರು ಹೀಗೇ. ಕೆಲಸ ಇದ್ದರೆ ಯಾರ ಮನೆಯಲ್ಲಾದರೂ ಉಣ್ಣುತ್ತೇವೆ, ಎಲ್ಲಾದರೂ ಮಲಗುತ್ತೇವೆ. ಕೆಲಸ ಇಲ್ಲದೆ ಒಬ್ಬರ ಗಾಡಿಯಲ್ಲಿ ಕೂತು ಊರು ನೋಡಲು ಹೋಗುವುದು ಹೇಗೆಂದು ನಮಗೆ ತಿಳಿಯುವುದಿಲ್ಲ. ಗಾಡಿಗಳು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ. ಓಡಿಹೋಗಿ ಹತ್ತಿಕೊಳ್ಳಬೇಕು ಅನ್ನಿಸಿದ್ದು ಸುಳ್ಳಲ್ಲ. ಮನೆಗೆ ಹೋದಾಗ ನಮ್ಮನೆಯಾಕೆ, "ಕರೆದ್ರೂ ಹೋಗ್ಲಿಲ್ಲ, ನಿಮ್ಮಂಥ ಮೊಂಡರನ್ನ ನಾನು ನೋಡಿಲ್ಲ" ಎಂದು ಬೈದಳು. ಬೈಯುತ್ತಲೇ ಬ್ಯಾಗಿನಿಂದ ಲುಂಗಿ ತೆಗೆದು ಮಡಿಸಿಟ್ಟಳು. ಕೊಂಡಿಯನ್ನು ನಾನು ಶೆಡ್ಡಿನ ಹಿಂದಿನ ಗೋಡೆಗೆ ಒರಗಿಸಿ ಮೇಲೆ ಗೋಣಿ ಹೊದಿಸಿದೆ.

ಅವರು ವಾಪಸ್ ಬಂದದ್ದು ತಿಂಗಳ ಮೇಲೆ. ಊಟದ ಹೊತ್ತು. ಬಸ್ಸು ರಸ್ತೆಬದಿಯಲ್ಲಿ ನಿಂತಿತು. ಸಿಸ್ಟರ್ ಮೈ ಕಪ್ಪಾಗಿತ್ತು, ಜೀಪನ್ನು ಒಂದೇ ಕೈಯಲ್ಲಿ ತಿರುಗಿಸಿ ಶೆಡ್ಡಿನ ಒಳಗೇ ತಂದು ನಿಲ್ಲಿಸಿದರು. ಪಕ್ಕದಲ್ಲಿ ಯಜಮಾನರು. ಸೈಲೆನ್ಸರಿನ ಕ್ಲಾಂಪು ಮುರಿದು ದಾರಿಯುದ್ದಕ್ಕೂ ಗಡಗಡ ಅನ್ನುತ್ತಿತ್ತಂತೆ, ನೋಡಿ ಎಂದರು ಸಿಸ್ಟರ್. ನಾನು ಗೋಣಿ ಹಾಸಿ ಜೀಪಿನ ಕೆಳಗೆ ಜಾರಿದೆ. ಚಾಸಿಗೆ ಅಂಟಿದ್ದ ಮಣ್ಣನ್ನು ಬಿಡಿಸಲೆಂದು ಸುತ್ತಿಗೆಯಿಂದ ಒಮ್ಮೆ ತಟ್ಟಿದೆ. ಅದು ಮಣ್ಣಾಗಿರಲಿಲ್ಲ. ಬಿಳಿ ಮರಳು ಸರ್ರನೆ ನನ್ನ ಕೆನ್ನೆ, ಕತ್ತು, ತುಟಿಯ ಮೇಲೆ ಸುರಿಯಿತು. ನಾಲಿಗೆಯಿಂದ ತುಟಿ ಸವರಿಕೊಂಡೆ. ಉಪ್ಪುಪ್ಪಾಗಿತ್ತು.

ಎಷ್ಟು ಹೊತ್ತು ಹಾಗೇ ಮಲಗಿದ್ದೆನೋ ಗೊತ್ತಿಲ್ಲ. ಸ್ಪ್ರಿಂಗ್ ಪಟ್ಟಾಗಳ ಸಂದಿಯಲ್ಲಿ ಇನ್ನೂ ಮರಳಿತ್ತು, ಬೆರಳು ಹಾಕಿದರೆ ಉದುರುತ್ತಿತ್ತು. ಎರಡು ಸಣ್ಣ ಕಪ್ಪೆಚಿಪ್ಪಿನ ಚೂರುಗಳೂ ಸಿಕ್ಕವು. ಬರೀ ಮರಳು ಇಷ್ಟು ಮೆತ್ತಗಿದ್ದರೆ ಅದರ ಮೇಲೆ ನಿಂತವರ ಕಾಲಿಗೆ ಹೇಗಿರಬೇಡ ಎಂದುಕೊಂಡೆ. ಘಟ್ಟ ಇಳಿದು ಹತ್ತಿ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದೆ.

"ಎಷ್ಟೊತ್ತಿನ ಕೆಲಸ ಮೇಸ್ತ್ರಿ?" ಎಂದು ಸಿಸ್ಟರ್ ಬಗ್ಗಿ ಕೇಳಿದರು.

"ಮೂರು ದಿನ ಆಗ್ತೈತೆ ಸಿಸ್ಟರ್" ಎಂದೆ. "ಜೀಪು ಇಲ್ಲೇ ಬಿಟ್ಟು ಹೋಗ್ರಿ."

ಹೊರಗೆ ಬಂದು ನಿಂತಾಗ ಯಜಮಾನರು ನನ್ನನ್ನೇ ನೋಡುತ್ತಿದ್ದರು. ನನ್ನ ಮುಖದ ಮೇಲಿನ ಮರಳನ್ನೂ ನೋಡಿದರು. ಕ್ಲಾಂಪಿಗೆ ಅರ್ಧ ಗಂಟೆ ಸಾಕು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು, ಅದೇ ಜೀಪಿನ ಕೆಳಗೆ ಅರ್ಧ ಆಯುಷ್ಯ ಮಲಗಿದವರು. ಬೇರೆಯವರು ಮುಟ್ಟಿದರೆ ಕೂಗಾಡುತ್ತಿದ್ದ ಮನುಷ್ಯ ಮೈ ತಿರುಗಿಸಿ, ಕಷ್ಟಪಟ್ಟು ಎಡಗೈ ಚಾಚಿ ಕೀ ತೆಗೆದರು. ನನ್ನ ಅಂಗೈ ಮೇಲಿಟ್ಟು, ಬೆರಳು ಮಡಿಚಿದರು.